ಸಾಲಿನಲ್ಲಿ ನಿಂತ ಕ್ಯಾನುಗಳು

ನಮ್ಮೂರಿನಲ್ಲಿ ಡೈರಿ ಅಕ್ಕ ಒಂದು ಸಲವಾದರೂ ನೀರಿದೆ ಎಂದು ಹಾಲು ವಾಪಸ್ ಕಳಿಸದ ಮನೆ ಇರಲಿಲ್ಲ. ಹಾಗಿದ್ದೂ ಮಂಡಲ ಪಂಚಾಯಿತಿ ಚುನಾವಣೆಗೆ ನಮ್ಮ ಪಕ್ಷದ ಟಿಕೆಟ್ ತನಗೇ ಬೇಕೆಂದು ಅವಳು ಕೇಳಿದಾಗ ಅರಳಿಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಅವರಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವನು ನಾನು. ನಕ್ಕಿದ್ದು ಸಾಲದೆಂದು ಎದ್ದು ನಿಂತು, ಟವೆಲ್ಲನ್ನೇ ಸೆರಗಿನಂತೆ ಸೊಂಟಕ್ಕೆ ಸಿಕ್ಕಿಸಿ, ಥೇಟ್ ಅಕ್ಕನ ದನಿಯಲ್ಲಿ, “ನಿಮ್ ಓಟಲ್ಲಿ ನೀರಿದೆ, ವಾಪಸ್ ತಗೊಂಡ್ಹೋಗಿ” ಎಂದೆ. ಕಟ್ಟೆ ಇನ್ನೊಮ್ಮೆ ನಕ್ಕಿತು.

ಅಣಕ ನನ್ನ ಹುಟ್ಟುಗುಣ. ಹೆಬ್ಬಾಳದ ಬಸ್ಸಿನ ಕಂಡಕ್ಟರು, ಮಗ್ಗಿ ಒಪ್ಪಿಸದಿದ್ದರೆ ಕಿವಿ ಹಿಂಡುತ್ತಿದ್ದ ಮೇಷ್ಟ್ರು, ಜಕ್ಕೂರಿನ ಫ್ಲೈಯಿಂಗ್ ಕ್ಲಬ್ಬಿನಿಂದ ಕೆಮ್ಮುತ್ತಾ ಮೇಲೇಳುವ ಪುಟ್ಟ ವಿಮಾನ, ಎಲ್ಲರೂ ನನ್ನ ಗಂಟಲಲ್ಲಿ ಸಂಸಾರ ಹೂಡಿದ್ದರು. ಸ್ವಂತದ್ದು ಎಂಬ ದನಿಗೆ ಮಾತ್ರ ಅಲ್ಲಿ ಜಾಗ ಉಳಿದಿರಲಿಲ್ಲ. ಯಲಹಂಕದ ಹಳೇ ಪೇಟೆಯಲ್ಲಿ ಒಂದು ಮೈಕ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಮದುವೆ, ತಿಥಿ, ಗಣೇಶನ ಹಬ್ಬ, ಯಾವುದಕ್ಕೇ ಕರೆದರೂ ವೈರು ಎಳೆದು, ಸ್ಪೀಕರು ಕಟ್ಟಿ, ‘ಹಲೋ’ ಅನ್ನುವ ನೆಪದಲ್ಲಿ ಯಾರನ್ನಾದರೂ ಅಣಕಿಸಿ ಬರುತ್ತಿದ್ದೆ. ಅಮ್ಮ, “ನೀನು ಉಟ್ಟಿದಾಗ ಅಳೋಕ್ಮುಂಚೆ ಸೂಲಗಿತ್ತಿನ ಅಣಕ್ಸಿದ್ದೆ ಕಣೋ” ಎನ್ನುತ್ತಿದ್ದಳು.

ಡೈರಿ ಎಂದರೆ ದೊಡ್ಡದೇನಲ್ಲ. ಊರಾಚೆ ಗೋಮಾಳದ ಅಂಚಿನಲ್ಲಿ ಶೀಟು ಹೊದಿಸಿದ ಒಂದು ಕೋಣೆ. ಹಳ್ಳಿಯ ಹಾಲಿನ ಸೊಸೈಟಿ ಅದು. ಅಕ್ಕ ಅದರ ಸೆಕ್ರೆಟರಿ. ಎಸ್ಸೆಸ್ಸೆಲ್ಸಿ ಓದಿ ಯಲಹಂಕದಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ಗಂಡ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಷಿಫ್ಟಿನ ಮೇಲೆ ಷಿಫ್ಟು ಮಾಡುತ್ತಾ ಮನೆಗೆ ನೆಂಟನಂತೆ ಬಂದು ಹೋಗುತ್ತಿದ್ದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಕ್ಕ ಕೋಣೆಯ ಬಾಗಿಲು ತೆಗೆದು, ಪ್ರತಿಯೊಬ್ಬರ ಹಾಲಿಗೂ ಗಾಜಿನ ಲ್ಯಾಕ್ಟೋಮೀಟರು ಬಿಡುತ್ತಿದ್ದಳು. ಗಟ್ಟಿ ಹಾಲಿನಲ್ಲಿ ಅದು ತೇಲುತ್ತದೆ, ನೀರು ಬೆರೆತಿದ್ದರೆ ಮುಳುಗುತ್ತದೆ. ತೇಲಿದರೆ “ಮುಂದೆ!” ಎನ್ನುವಳು. ಮುಳುಗಿದರೆ “ವಾಪಸ್” ಎನ್ನುವಳು. ಇವೆರಡು ಬಿಟ್ಟರೆ ಅಲ್ಲಿ ಬೇರೆ ಮಾತಿಲ್ಲ. ಊರಿನ ಅತ್ಯಂತ ಗಯ್ಯಾಳಿ ಬಾಯಿಗಳೆಲ್ಲ ಆ ಗಾಜಿನ ಕಡ್ಡಿಯ ಮುಂದೆ ಮುಚ್ಚಿಕೊಂಡು ನಿಲ್ಲುತ್ತಿದ್ದವು.

ನಿಲ್ಲುತ್ತಿದ್ದವು ಎಂದೆನಲ್ಲ, ನಿಜಕ್ಕೂ ನಿಲ್ಲುತ್ತಿದ್ದದ್ದು ಕ್ಯಾನುಗಳು. ಬಾಗಿಲು ತೆಗೆಯುವ ಮೊದಲೇ ಬಂದವರು ತಂತಮ್ಮ ಕ್ಯಾನು, ಚೊಂಬು, ತಪ್ಪಲೆಗಳನ್ನು ಸಾಲಾಗಿ ಇಟ್ಟು ಹೊಂಗೆಯ ನೆರಳಿಗೆ ಹೋಗಿ ಹರಟೆ ಹೊಡೆಯುವರು. ಕ್ಯಾನು ನಿಂತರೆ ಮನುಷ್ಯ ನಿಂತ ಹಾಗೆ. ಅದನ್ನು ದಾಟಿ ಮುಂದೆ ಹೋಗುವುದು ಹೆಗಲ ಮೇಲೆ ಕಾಲಿಟ್ಟು ಹೋದಷ್ಟೇ ಅವಮಾನ. ರೇಷನ್ ಅಂಗಡಿಯ ಸೀಮೆಎಣ್ಣೆ ಸಾಲಿಗೂ ಇದೇ ಪದ್ಧತಿ. ಅಲ್ಲಿ ಡಬ್ಬ ಇಲ್ಲದವರು ಕಲ್ಲಿಡುವರು, ಕಲ್ಲು ಸಿಗದವರು ಒಂಟಿ ಚಪ್ಪಲಿ ಬಿಡುವರು. ನಮ್ಮ ತಾತನ ಬದಲು ಅವರ ಊರುಗೋಲು ನಿಂತು ಎಷ್ಟೋ ಸಲ ಸೀಮೆಎಣ್ಣೆ ತಂದಿದೆ. ಸಾಲಿನಲ್ಲಿ ಅದು ತಾತನಿಗಿಂತ ಮರ್ಯಾದೆಯಾಗಿ ನಡೆದುಕೊಳ್ಳುತ್ತಿತ್ತು.

ಅಕ್ಕನಿಗೆ ಎದುರು ಟಿಕೆಟ್ ಕೇಳಿದ್ದವರು ನಮ್ಮೂರ ಯಜಮಾನರು. ಆರ್.ಟಿ. ನಗರದಲ್ಲಿ ಹೊಸ ಮನೆ ಕಟ್ಟಿಸಿದ್ದರೂ ಅವರ ಯಜಮಾನಿಕೆ ಊರಲ್ಲೇ ಇತ್ತು. ಮದುವೆಗೆ ದಿಬ್ಬಣ ಹೋಗಲು ಅವರದೇ ಟ್ರ್ಯಾಕ್ಟರು, ಸಾವಿಗೆ ಚಟ್ಟ ಕಟ್ಟಲು ಅವರದೇ ಬಿದಿರು. ಕೆಟ್ಟವರಲ್ಲ. ಆದರೆ ಗೋಮಾಳವನ್ನು ಸೈಟು ಮಾಡಿ ಹಂಚಬೇಕೆಂಬ ಆಸೆ ಅವರಿಗೆ ಹತ್ತಿಬಿಟ್ಟಿತ್ತು. ಸಂಜಯನಗರದ ಕಡೆ ಹಾಗೆ ಸೈಟುಗಳಾದ ಹೊಲಗಳನ್ನು ನೋಡಿ ಬಂದ ಮೇಲೆ ಅವರ ಕಣ್ಣಿಗೆ ಹುಲ್ಲು ಕಾಣುವುದು ನಿಂತೇಹೋಗಿತ್ತು. ನಮ್ಮ ಭಾಗದಲ್ಲಿ ನಮ್ಮ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ಚುನಾವಣೆ ಗೆದ್ದಂತೆಯೇ. ಹಾಗಾಗಿ ಯಜಮಾನರಿಗೆ ಟಿಕೆಟ್ ಹೋದರೆ ಗೋಮಾಳ ಹೋದಂತೆ, ಅದರ ಅಂಚಿನ ಡೈರಿಯೂ ಹೋದಂತೆ.

ಇದನ್ನು ನನಗೆ ತಿಳಿಸಿ ಹೇಳಿದ್ದು ಅಕ್ಕನೇ. ಕಟ್ಟೆಯ ಮೇಲಿನ ನನ್ನ ಅಣಕ ಅವಳ ಕಿವಿಗೆ ಬಿದ್ದಿತ್ತು. ಮಾರನೆಯ ದಿನ ಬೆಳಗಿನ ಹಾಲಿನ ಲಾರಿ ಕಳಿಸಿ ನೇರ ಮೈಕ್ ಅಂಗಡಿಗೆ ಬಂದಳು.

“ನನ್ನ ಥರ ಮಾತಾಡ್ತೀಯಂತೆ. ಮಾಡಿ ತೋರ್ಸು.”

ಬೇರೆಯವರಾಗಿದ್ದರೆ ಓಡಿಹೋಗುತ್ತಿದ್ದರು. ನಾನು ಮಾಡಿ ತೋರಿಸಿದೆ. ಪಕ್ಕದಲ್ಲಿ ಆಟೋ ನಿಲ್ಲಿಸಿಕೊಂಡಿದ್ದ ನನ್ನ ಗೆಳೆಯ ನಗು ತಡೆಯಲಾರದೆ ಮೀಟರಿನ ಹಿಂದೆ ಮುಖ ಮುಚ್ಚಿಕೊಂಡ. ಅವನ ಮನೆಮಾತು ದಖ್ಖನಿ ಉರ್ದು, ನನ್ನ ಅಣಕಕ್ಕೆ ಎರಡೂ ಭಾಷೆಯಲ್ಲಿ ನಗುವವನು. ಅಕ್ಕ ಮಾತ್ರ ನಗಲಿಲ್ಲ.

“ಗಂಟಲು ಚೆನ್ನಾಗಿದೆ, ನನಗೆ ಬೇಕು” ಎಂದಳು. “ಗೋಮಾಳ ಸೈಟಾದ್ರೆ ನಿಮ್ಮಮ್ಮನ ಎಮ್ಮೆನ ಎಲ್ಲಿ ಮೇಯಿಸ್ತೀಯೋ? ಈ ಅಂಗಡೀಲಾ? ವೈರು ತಿನ್ನಿಸ್ತೀಯಾ?”

ಎಂಥ ಮಾತಿಗೂ ತಿರುಗಿಸಿ ಕೊಡುವ ನನಗೆ ಉತ್ತರ ಇಲ್ಲದಂತೆ ಮಾಡಿದವಳು ಅವಳೊಬ್ಬಳೇ. ಅವಳ ಕಡೆ ಆಗಲು ನನಗೆ ಅಷ್ಟೇ ಸಾಕಾಯಿತು. ಗೆಳೆಯ ಆಟೋ ಕೊಟ್ಟ, ನಾನು ಸ್ಪೀಕರು ಕಟ್ಟಿದೆ.

ಮನೆಯಲ್ಲಿ ರಂಪವಾಯಿತು. ಗೌರಿಹಬ್ಬದ ದಿನ ಬೀಗರ ಕಣ್ಣೆದುರೇ ಅಕ್ಕ ನಮ್ಮ ಹಾಲನ್ನು ವಾಪಸ್ ಕಳಿಸಿದ್ದಳು. ಅಂದಿನಿಂದ ಅಮ್ಮ ಹಾಲು ಹಾಕುತ್ತಿದ್ದಳೇ ಹೊರತು ಅವಳೊಂದಿಗೆ ಮಾತು ಬಿಟ್ಟಿದ್ದಳು. ಊರಿಗೆ ಬೇರೆ ಡೈರಿ ಇರಲಿಲ್ಲವಲ್ಲ. “ಆ ಮೀಟ್ರು ಇಡ್ಕೊಂಡೋಳ ಇಂದಿಂದೆ ಓಯ್ತೀಯಾ? ನಿನ್ನೂ ಅದ್ರಲ್ಲಿ ಅದ್ದಿ ನೋಡ್ತಾಳೆ, ಓಗು! ಬರೀ ನೀರೇ ನೀನು” ಎಂದಳು. ಅಮ್ಮನ ಈ ಮಾತನ್ನು ಅವಳ ದನಿಯಲ್ಲೇ ಅವಳಿಗೆ ಒಪ್ಪಿಸಿ, ಎಸೆದ ಸೌಟಿನಿಂದ ತಪ್ಪಿಸಿಕೊಂಡು ಹೊರಟೆ.

ಅಷ್ಟು ಹೊತ್ತಿಗೆ ಟಿಕೆಟ್ಟಿನ ಜಗಳ ತಾಲೂಕಿನವರೆಗೆ ಹೋಗಿತ್ತು. ಅಭ್ಯರ್ಥಿ ಆರಿಸಲೆಂದು ಕರೆದ ಮೊದಲ ಸಭೆಯಲ್ಲಿ ಕೂಗಾಟವಾಗಿ ಕುರ್ಚಿಗಳು ಮುರಿದವು. ಎರಡನೆಯ ಸಭೆಯಲ್ಲಿ ಚೀಟಿ ಹಾಕಿಸೋಣವೆಂದು ಡಬ್ಬ ಇಟ್ಟರೆ ಯಾರೋ ಡಬ್ಬವನ್ನೇ ಎತ್ತಿಕೊಂಡು ಬಾಳೆತೋಟಕ್ಕೆ ನುಗ್ಗಿಬಿಟ್ಟ. ರೋಸಿಹೋದ ಪಕ್ಷದ ಮುಖಂಡರು, ಭಾನುವಾರ ಒಬ್ಬ ವೀಕ್ಷಕರನ್ನು ಕಳಿಸುತ್ತೇವೆ, ಊರಿನ ಪಕ್ಷದ ಸದಸ್ಯರೆಲ್ಲ ಸ್ಕೂಲಿನ ಮೈದಾನದಲ್ಲಿ ತಮಗೆ ಬೇಕಾದವರ ಹಿಂದೆ ಸಾಲಾಗಿ ನಿಲ್ಲಲಿ, ಯಾರ ಸಾಲು ಉದ್ದವೋ ಅವರಿಗೆ ಟಿಕೆಟ್ ಎಂದು ಹೇಳಿಕಳಿಸಿದರು. ಯಜಮಾನರು ತಕ್ಷಣ ಒಪ್ಪಿದರು. ಒಪ್ಪದೆ ಏನು? ಗುಟ್ಟಾಗಿ ಚೀಟಿ ಹಾಕುವ ಕೈ ಏನು ಬೇಕಾದರೂ ಮಾಡೀತು. ಅವರ ಕಣ್ಣೆದುರಿಗೇ ಅಕ್ಕನ ಹಿಂದೆ ಹೋಗಿ ನಿಲ್ಲುವ ಕಾಲು ನಮ್ಮೂರಲ್ಲಿ ಯಾರಿಗಿತ್ತು?

ನಾನು ಇದಕ್ಕೆಲ್ಲ ಅಂಜಲಿಲ್ಲ. ನನ್ನ ಗಂಟಲಿನ ಮೇಲೆ ನನಗೆ ಅಷ್ಟು ನಂಬಿಕೆ. ಆಟೋ ಮೇಲೆ ಸ್ಪೀಕರು ಕಟ್ಟಿ ಕೆರೆ ಏರಿಯ ಮೇಲೆ ಹೊರಟು ಯಜಮಾನರ ದನಿ ತೆಗೆದೆ. ಅವರ ದನಿ ಬಲು ಸುಲಭ. ಮೊದಲು ಗಂಟಲು ಸರಿಮಾಡಿಕೊಳ್ಳಬೇಕು, ಆಮೇಲೆ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಂತೆ ನಿಧಾನವಾಗಿ ಶುರುಮಾಡಬೇಕು.

“ಆಂ… ಅದೇನಪ್ಪಾ ಅಂದ್ರೆ… ಭಾನುವಾರ ಎಲ್ಲಾರೂ ಬಂದು ನನ್ನಿಂದೆ ನಿಂತ್ಕಳಿ ಮಗಾ. ಗೋಮಾಳದಲ್ಲಿ ಉಲ್ಲು ಯಾಕೆ, ಸೈಟು ಬೆಳೀತೀನಿ. ನಿಮ್ ಎಮ್ಮೆಗಳಿಗೂ ಒಂದೊಂದು ಸೈಟು, ಕಾರ್ನರ್ ಸೈಟು!”

ಆಟೋದ ಹತ್ತಿರ ಇದ್ದವರು ಬಿದ್ದು ಬಿದ್ದು ನಕ್ಕರು. ಗೆಳೆಯ, “ಕ್ಯಾ ಆವಾಜ್ ರೇ! ಟಿಕೆಟ್ ನಮ್ದೇ ಮಗಾ” ಎಂದು ಆಟೋವನ್ನೇ ಕುಣಿಸಿದ. ದಾರಿಯುದ್ದಕ್ಕೂ ನಗು ಎಬ್ಬಿಸಿಕೊಂಡು, ಇನ್ನೇನು ಟಿಕೆಟ್ ನಮ್ಮ ಜೇಬಿನಲ್ಲಿ ಎಂದುಕೊಂಡು ಊರಿಗೆ ಬಂದರೆ, ರಾಗಿ ಹೊಲದಿಂದ ಬರುತ್ತಿದ್ದ ಮುದುಕರೊಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು: “ಯಜಮಾನ್ರು ಅಷ್ಟು ಬಾಯ್ಬುಟ್ಟು ಕರೀತಾವ್ರೆ. ಓಗ್ದಿದ್ರೆ ಚೆಂದಾಗಿರ್ತದಾ?”

ಹೊಲದವರೆಗೆ ಹೋಗಿದ್ದು ದನಿ ಮಾತ್ರ, ಜೋಕು ಆಟೋದ ಹತ್ತಿರವೇ ಉಳಿದುಬಿಟ್ಟಿತ್ತು. ದೂರದವರಿಗೆಲ್ಲ ಯಜಮಾನರೇ ಖುದ್ದಾಗಿ ಮೈಕು ಹಿಡಿದು ಕರೆದಂತಾಗಿತ್ತು. ಗಾಯಕ್ಕೆ ಉಪ್ಪು ಸವರುವಂತೆ ಯಜಮಾನರೇ ರಸ್ತೆಗೆ ಬಂದು ಆಟೋ ನಿಲ್ಲಿಸಿದರು. ಬೈಯುತ್ತಾರೆಂದು ನಾನು ಸೀಟಿನೊಳಗೆ ಇಳಿದು ಕೂತೆ. ಅವರು ಒಂದು ಚಿಪ್ಪು ಬಾಳೆಹಣ್ಣು ನನ್ನ ತೊಡೆಯ ಮೇಲಿಟ್ಟು, “ಆಂ… ನನ್ ದನಿ ನನಗಿಂತ ನಿಂಗೇ ಚೆನ್ನಾಗಿ ಬರ್ತದಲ್ಲೋ ಮಗಾ. ಸಂಜೆ ಕೋಗಿಲು ಕಡೆನೂ ಒಂದು ರೌಂಡು ಒಡಿ” ಎಂದರು.

ಹಣ್ಣು ತಿಂದೆವು. ಹಣ್ಣಿನ ತಪ್ಪೇನು?

ಅಕ್ಕನಿಗೆ ವಿಷಯ ಗೊತ್ತಾದಾಗ ಅವಳು ಕ್ಯಾನು ತೊಳೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ನಾಳೆಯಿಂದ ಅಣಕ ಇಲ್ಲ” ಎಂದಳು. “ನಿನ್ನ ದನೀಲಿ ಮಾತಾಡು. ಆಗದಿದ್ರೆ ಸುಮ್ನೆ ನನ್ ಜೊತೆ ನಡಿ. ಮನೆಮನೆಗೆ ನಾನೇ ಹೋಗ್ತೀನಿ.”

“ಮನೆಮನೆಗಾ? ಅಕ್ಕಾ, ಒಂದೊಂದು ಮನೇಲೂ ನಿನ್ನ ಬೈಯೋಕೆ ಕಾಯ್ತಾವ್ರೆ.”

“ಕಾಯ್ತಿದ್ರೆ ಒಳ್ಳೇದೇ. ಮನೇಲೇ ಸಿಗ್ತಾರೆ.”

ನನ್ನ ದನಿಯಲ್ಲಿ ಮಾತಾಡಲು ಅವತ್ತು ಅಂಗಡಿಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆ. ಮೊದಲು ಮೇಷ್ಟ್ರು ಬಂದರು. ಅವರನ್ನು ಓಡಿಸಿದರೆ ಕಂಡಕ್ಟರು ಬಂದ. ಕೊನೆಗೆ ಏನೋ ಒಂದು ತೆಳ್ಳಗಿನ ದನಿ ಬಂತು. ಗೆಳೆಯ ಕಿವಿಗೊಟ್ಟು ಕೇಳಿ, “ಯಾರಿದು ಯಾರ್? ಆಸ್ಪತ್ರೆ ಕಂಪೌಂಡರಾ?” ಎಂದ. ಅದೇ ನನ್ನದು ಎಂದು ಒಪ್ಪಿಕೊಳ್ಳಬೇಕಾಯಿತು.

ಅಕ್ಕ ಮನೆಮನೆಯ ಬಾಗಿಲಲ್ಲಿ ನಿಂತು ಮಾತಾಡಿದ ರೀತಿ ನೋಡಿದ್ದರೆ ಯಾವ ಮುಖಂಡನೂ ಎದೆ ಒಡೆದುಕೊಳ್ಳುತ್ತಿದ್ದ. ಮತ ಕೇಳುವವರು ಕೈ ಮುಗಿಯುತ್ತಾರೆ, ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತಾರೆ. ಇವಳು ಎಡಗಾಲು ಹೊಸ್ತಿಲ ಹತ್ತಿರ ಊರಿ, “ಹೌದು, ನಿಮ್ಮ ಹಾಲು ವಾಪಸ್ ಕಳಿಸಿದ್ದೆ. ನಾಳೆ ನೀರಿದ್ರೆ ನಾಳೇನೂ ಕಳಿಸ್ತೀನಿ. ಭಾನುವಾರ ಬಂದು ನನ್ನ ಹಿಂದೆ ನಿಂತ್ಕೊಳ್ಳಿ” ಎನ್ನುವಳು. ಪಕ್ಕದಲ್ಲಿ ನಿಂತ ನಾನು ಆ ಮಾತಿನ ಮೇಲೆ ಸ್ವಲ್ಪ ಬೆಣ್ಣೆ ಸವರಲು ಬಾಯಿ ತೆರೆದರೆ ಮೊಣಕೈಯಿಂದ ತಿವಿಯುವಳು. ಕೆಲವರು ಬೈದರು. ಕೆಲವರು ಬಾಗಿಲು ಹಾಕಿಕೊಂಡರು. ಹಾಕಿದ ಬಾಗಿಲಿಗೂ ಅದೇ ಮಾತನ್ನು ಅಷ್ಟೇ ಪೂರ್ತಿಯಾಗಿ ಹೇಳಿ ಮುಂದಿನ ಮನೆಗೆ ಹೋಗುವಳು.

ನಮ್ಮ ಮನೆಯನ್ನೂ ಬಿಡಲಿಲ್ಲ. ಬೇಡ ಎಂದು ಬೀದಿಯ ತಿರುವಿನಿಂದಲೇ ಅಂಗಲಾಚಿದೆ. ಅಮ್ಮ ಜಗಲಿಯ ಮೇಲೆ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ತಲೆ ಎತ್ತಲಿಲ್ಲ.

“ಗೌರಿ ಅಬ್ಬದ ದಿನ ನಮ್ ಬೀಗರ ಮುಂದೆ ಮಾನ ಕಳ್ದೆ” ಎಂದಳು ಮೊರಕ್ಕೆ ಹೇಳುವಂತೆ.

“ಹೌದಮ್ಮ. ಮೀಟರು ಮುಳುಗಿತ್ತು.”

“ಅಬ್ಬದ ದಿನನಾರಾ ಕಣ್ ಮುಚ್ಕಬೋದಾಗಿತ್ತು.”

“ಅವತ್ತು ಮುಚ್ಕೊಂಡಿದ್ರೆ ಮಾರನೇ ದಿನ ಯಜಮಾನ್ರ ಹಾಲಿಗೂ ಮುಚ್ಕೋಬೇಕಾಗ್ತಿತ್ತು.”

ಮೊರ ನಿಂತಿತು. “ಔರ್ ಆಲೂ ವಾಪಸ್ ಕಳ್ಸಿದ್ಯಾ?”

“ಕಳ್ಸಿದೀನಿ. ಎಲ್ಲಾರೂ ಹೋದ್ಮೇಲೆ ಅವ್ರ ಆಳು ತಂದಿದ್ದ, ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ. ಆಮೇಲಿಂದ ನನಗೆ ಹಾಲು ಹಾಕೋದೇ ಬಿಟ್ರು.”

“ಅದಕ್ಕೇ ಮತ್ತೆ ಔರ ಆಲು ಯಲಹಂಕದ ಓಟ್ಲಿಗೆ ಓಯ್ತಿರೋದು!” ಅಮ್ಮ ನನ್ನ ಕಡೆ ನೋಡಿದಳು, ಇಷ್ಟು ದೊಡ್ಡ ಸುದ್ದಿಯನ್ನು ಮುಚ್ಚಿಟ್ಟವನು ನಾನೇ ಎಂಬಂತೆ.

“ಓಟು ಕೇಳೋಕೆ ಬಂದಿದಾಳೆ, ಇನ್ಮೇಲೆ ನೀರಿದ್ರೂ ನಮ್ ಹಾಲನ್ನ ಬಿಟ್ಬಿಡ್ತಾಳೆ ಅಂದ್ಕೋಬೇಡಿ” ಎಂದಳು ಅಕ್ಕ.

“ಬುಡೋಳ ಮಕ ನೋಡು” ಎಂದು ಅಮ್ಮ ಮತ್ತೆ ಕೇರತೊಡಗಿದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಬರಬೇಕಾಗಿದ್ದ ವೀಕ್ಷಕರು ಮಧ್ಯಾಹ್ನಕ್ಕೆ ಬಂದರು. ಬಂದವರು ಯಜಮಾನರ ಮನೆಯಲ್ಲಿ ಊಟಕ್ಕೆ ಕೂತರು. ಕೋಳಿಸಾರು ಮುದ್ದೆ ಉಂಡು ಕಣ್ಣು ಕೆಂಪಗೆ ಮಾಡಿಕೊಂಡು ಅವರು ಮೈದಾನಕ್ಕೆ ಬರುವ ಹೊತ್ತಿಗೆ ಎಮ್ಮೆ ಕರೆಯುವ ಹೊತ್ತಾಗಿಹೋಗಿತ್ತು. ಬೆಳಿಗ್ಗೆಯಿಂದ ಕಾದವರು ಮನೆಗೆ ಓಡಿ, ಹಾಲು ಕರೆದು, ಹೇಗೂ ಡೈರಿಗೆ ಹೋಗುವ ದಾರಿಯಲ್ಲೇ ಸ್ಕೂಲು ಇರುವುದರಿಂದ ತುಂಬಿದ ಕ್ಯಾನುಗಳ ಸಮೇತ ಮೈದಾನಕ್ಕೆ ಬಂದರು.

ಸುಣ್ಣದಲ್ಲಿ ಎರಡು ಗೆರೆ ಎಳೆದಿತ್ತು. ಒಂದರ ತಲೆಗೆ ಯಜಮಾನರು ಶಾಲು ಹೊದ್ದು ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಇನ್ನೊಂದರ ತಲೆಗೆ ಅಕ್ಕ ನಿಂತಿದ್ದಳು. ವೀಕ್ಷಕರು ಪೀಪಿ ಊದಿದರು. ಯಜಮಾನರ ಹಿಂದೆ ಟ್ರ್ಯಾಕ್ಟರಿನ ಋಣದವರು, ಬಿದಿರಿನ ಋಣದವರು ಬಂದು ಬಂದು ನಿಂತರು. ಅಕ್ಕನ ಹಿಂದೆ ನಾನು, ನನ್ನ ಹಿಂದೆ ಗೆಳೆಯ. ಗೆಳೆಯ ಯಲಹಂಕದವನು, ನಮ್ಮೂರಿನ ಸದಸ್ಯನಲ್ಲ ಎಂದು ವೀಕ್ಷಕರು ಅವನ ತೋಳು ಹಿಡಿದು ಆಚೆ ನಿಲ್ಲಿಸಿದರು. ಉಳಿದವನು ನಾನೊಬ್ಬನೇ.

ಹೊಂಗೆ ಮರದ ಕೆಳಗೆ ಅರ್ಧ ಊರು ಕೂತಿತ್ತು. ಎಲ್ಲರೂ ನೆಲ ನೋಡುತ್ತಿದ್ದರು, ಯಾರೋ ಅಲ್ಲಿ ಸೂಜಿ ಕಳೆದುಕೊಂಡಂತೆ.

“ಒಬ್ಬನೇ ಯಾಕೋ ಮಗಾ” ಎಂದರು ಯಜಮಾನರು ಕುರ್ಚಿಯಿಂದಲೇ. “ನಿನ್ ಗಂಟಲಲ್ಲಿರೋರ್ನೆಲ್ಲ ಈಚೆಗೆ ಕರೆದು ನಿಲ್ಲಿಸ್ಕೋ. ಸಾಲಾಯ್ತದೆ.”

ಮೈದಾನ ನಕ್ಕಿತು. ನಾನೂ ನಕ್ಕೆ, ಮಾತು ಚೆನ್ನಾಗಿತ್ತು. ಆದರೆ ಕಾಲು ಕದಲಿಸಲಿಲ್ಲ. ಇವತ್ತು ಕತ್ತಲಾದರೂ ಸರಿ, ಒಬ್ಬನೇ ಆದರೂ ಸರಿ, ಈ ಸುಣ್ಣದ ಗೆರೆಯಿಂದ ನಾನು ಸರಿಯುವುದಿಲ್ಲ ಎಂದುಕೊಂಡೆ. ಅಕ್ಕನ ಬೆನ್ನು ನನ್ನ ಮುಂದೆಯೇ ಇತ್ತು. ಅದು ಒಂದು ಸಲವೂ ಹಿಂದೆ ತಿರುಗಿ, ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡಲಿಲ್ಲ.

ಆಗ ಒಬ್ಬ ಅಜ್ಜಿ ಎದ್ದು, ಯಾರ ಮುಖವನ್ನೂ ನೋಡದೆ ಬಂದು, ತನ್ನ ಕ್ಯಾನನ್ನು ನನ್ನ ಹಿಂದೆ ಇಟ್ಟು, ಮರದ ಕೆಳಗೆ ವಾಪಸ್ ಹೋಗಿ ಕೂತಳು. ಸ್ವಲ್ಪ ಹೊತ್ತಿಗೆ ಇನ್ನೊಂದು ತಪ್ಪಲೆ ಬಂತು. ಅದರ ಹಿಂದೆ ಒಂದು ಚೊಂಬು. ಒಬ್ಬರು ಇಟ್ಟು ಹೋದರೆ ಇನ್ನೊಬ್ಬರು, ಏನೋ ಭಾರ ಇಳಿಸಲು ಬಂದವರಂತೆ ಬಂದು ಇಟ್ಟು ಕೈ ಕೊಡವಿಕೊಂಡು ಹೋದರು. ನೋಡನೋಡುತ್ತಿದ್ದಂತೆ ನನ್ನ ಹಿಂದೆ ಕ್ಯಾನುಗಳ ಸಾಲು ಬೆಳೆದು ಬಾವಿಕಟ್ಟೆಯವರೆಗೂ ಹೋಯಿತು. ಇಟ್ಟವರೆಲ್ಲ ಮತ್ತೆ ನೆಲದಲ್ಲಿ ಸೂಜಿ ಹುಡುಕುತ್ತಿದ್ದರು.

ವೀಕ್ಷಕರು ಕನ್ನಡಕ ಒರೆಸಿಕೊಂಡರು. “ಏನ್ರೀ ಇದು? ಡೈರಿ ಅಂದ್ಕೊಂಡ್ರಾ?”

“ಸಾಲು ಸಾರ್” ಎಂದೆ.

ಯಜಮಾನರ ಕಡೆಯವನೊಬ್ಬ ಕೂಗಿದ: “ಕ್ಯಾನು ಯಾವಾಗ್ಲೋ ಪಾರ್ಟಿ ಮೆಂಬರಾಗಿದ್ದು?”

“ನಮ್ಮೂರಲ್ಲಿ ಕ್ಯಾನು ನಿಂತ್ರೆ ಮನುಷ್ಯ ನಿಂತಂಗೆ ಸಾರ್. ಮೊನ್ನೆ ರೇಷನ್ ಅಂಗಡೀಲಿ ಯಜಮಾನ್ರ ಮನೆ ಸೀಮೆಎಣ್ಣೆ ಡಬ್ಬ ಒಂದೇ ನಿಂತಿತ್ತು. ಅದನ್ನ ದಾಟಿ ಯಾರಾದ್ರೂ ಹೋದ್ರಾ, ಅವರನ್ನೇ ಕೇಳಿ.”

ಯಜಮಾನರು ಸುಳ್ಳು ಹೇಳುವವರಲ್ಲ. ಗಂಟಲು ಸರಿಮಾಡಿಕೊಂಡು ಶಾಲಿನ ಅಂಚು ನೋಡತೊಡಗಿದರು. ವೀಕ್ಷಕರು ಸ್ವಲ್ಪ ಯೋಚಿಸಿ, “ನಿಮ್ಮೂರ ಪದ್ಧತಿ ಇರಬಹುದು. ನನಗೆ ಬೇಕಾಗಿರೋದು ಮನುಷ್ಯರು. ಕ್ಯಾನಿನ ಪಕ್ಕ ಅದನ್ನ ಇಟ್ಟವರು ಬಂದು ನಿಂತರೆ ಎಣಿಸ್ತೀನಿ, ಇಲ್ಲದಿದ್ರೆ ಇಲ್ಲ” ಎಂದು ತೀರ್ಪು ಕೊಟ್ಟರು.

ಮರದ ಕೆಳಗೆ ಯಾರೂ ಏಳಲಿಲ್ಲ.

“ಕಾಯಣ ಬುಡಿ” ಎಂದರು ಯಜಮಾನರು. ಅವರ ದನಿಯಲ್ಲಿ ಜೇನು ಸುರಿಯುತ್ತಿತ್ತು. “ಅವಸರ ಏನೈತೆ? ಆಂ… ಸಾಹೇಬ್ರಿಗೆ ಕಾಫಿ ತನ್ನಿರೋ.”

ಅವರ ಲೆಕ್ಕಾಚಾರ ನನಗೆ ಆಗ ಹೊಳೆಯಿತು. ಬಿಸಿಲು ಇನ್ನೂ ಇಳಿದಿರಲಿಲ್ಲ. ಕಾದ ಕ್ಯಾನಿನಲ್ಲಿ ಹಾಲು ಎಷ್ಟು ಹೊತ್ತು ತಡೆದೀತು? ಇನ್ನು ಸ್ವಲ್ಪ ಹೊತ್ತಿಗೆ ಹಾಲಿನ ಲಾರಿಯೂ ಬರುತ್ತದೆ. ಒಬ್ಬೊಬ್ಬರಾಗಿ ಬಂದು ಕ್ಯಾನು ಎತ್ತಿಕೊಂಡು ಹೋಗುತ್ತಾರೆ. ಯಾರೂ ಏನೂ ಮಾಡದೆಯೇ ಸಾಲು ಕರಗುತ್ತದೆ.

“ಅಕ್ಕಾ, ಇನ್ನೊಂಚೂರು ಹೊತ್ತು ತಡ್ಕೊ” ಎಂದು ಪಿಸುಗುಟ್ಟಿದೆ. “ಯಾರಾದ್ರೂ ಒಬ್ರು ಏಳ್ತಾರೆ.”

“ನಾನು ಕಾಯ್ತೀನಿ ಕಣೋ. ಹಾಲು ಕಾಯಲ್ಲ.”

ಆಗಷ್ಟೇ ಅವಳು ಹಿಂದೆ ತಿರುಗಿದ್ದು. ನನ್ನ ಪಕ್ಕ ಬಂದು ಬಗ್ಗಿ ಅಜ್ಜಿಯ ಕ್ಯಾನಿನ ಹೊಟ್ಟೆಗೆ ಅಂಗೈಯ ಹಿಂಬದಿ ಇಟ್ಟು ನೋಡಿದಳು. ಮುಚ್ಚಳ ತೆಗೆದು ಮೂಸಿದಳು. ಹಾಲು ಕೆಟ್ಟರೆ ಅದನ್ನು ವಾಪಸ್ ಕಳಿಸಬೇಕಾದವಳೂ ಅವಳೇ. ಕೆಟ್ಟ ಹಾಲನ್ನು ತನಗಾಗಿ ನಿಂತಿತ್ತು ಎಂದು ತೆಗೆದುಕೊಳ್ಳುವವಳಲ್ಲ, ತನಗಾಗಿ ನಿಂತವರ ಹಾಲು ಕೆಡಲು ಬಿಡುವವಳೂ ಅಲ್ಲ. ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿ, ಸೊಂಟದಿಂದ ಡೈರಿಯ ಬೀಗದಕೈ ತೆಗೆದಳು.

“ಹಾಲು ಕೆಡತ್ತೆ. ಬನ್ನಿ, ಕ್ಯಾನ್ ಹಿಡ್ಕೊಳ್ಳಿ. ಡೈರಿ ತೆಗೀತೀನಿ” ಎಂದು ಮೈದಾನಕ್ಕೆಲ್ಲ ಕೇಳುವಂತೆ ಕೂಗಿ, ದಿನಕ್ಕೆರಡು ಸಲ ಕೂಗುವ ಅದೇ ದನಿಯಲ್ಲಿ, “ಮುಂದೆ!” ಎಂದಳು.

ಮುಗಿಯಿತು, ಟಿಕೆಟ್ ಹೋಯಿತು ಎಂದುಕೊಂಡೆ. ಯಜಮಾನರು ಕಾಫಿ ಲೋಟ ತುಟಿಗೆ ಇಟ್ಟರು.

ಮೊದಲು ಎದ್ದವಳು ನಮ್ಮಮ್ಮ. ಅವಳು ಬಂದಿರುವುದೇ ನನಗೆ ಗೊತ್ತಿರಲಿಲ್ಲ. ಸಾಲಿನ ನಡುವೆ ನಮ್ಮ ಸೊಟ್ಟ ಹಿತ್ತಾಳೆ ಚೊಂಬು ಇದ್ದದ್ದೂ ಕಂಡಿರಲಿಲ್ಲ. ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಬಂದು ಚೊಂಬಿನ ಪಕ್ಕ ನಿಂತು, ಕುರ್ಚಿಯ ಕಡೆ ತಿರುಗಿ, “ಏನ್ ಇಂಗೆ ನೋಡ್ತೀರಾ ಯಜಮಾನ್ರೇ? ನಿಮ್ ಆಲೂ ವಾಪಸ್ ಬಂದಿತ್ತಂತಲ್ಲ. ನಾವೇನು ನಿಮ್ಗಿಂತ ಎಚ್ಚಾ?” ಎಂದಳು.

ಯಜಮಾನರ ಸಾಲಿನವರೇ ಮೊದಲು ನಕ್ಕರು. ಆ ನಗುವಿನಲ್ಲಿ ಮರದ ಕೆಳಗಿದ್ದವರ ಸೂಜಿಗಳೆಲ್ಲ ಸಿಕ್ಕಿಬಿಟ್ಟವು. ಅಜ್ಜಿ ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದು ತಂತಮ್ಮ ಕ್ಯಾನಿನ ಪಕ್ಕ, ಡೈರಿಯ ಮುಂದೆ ನಿಲ್ಲುವಂತೆಯೇ, ಒಬ್ಬರನ್ನೊಬ್ಬರು ದಾಟದೆ ನಿಂತರು. ಕ್ಯಾನು ಎತ್ತಲು ಎಲ್ಲರೂ ಬಗ್ಗಿದರು.

“ಸಾರ್, ಈಗ ಎಣಿಸಿ!” ಎಂದು ಅರಚಿದೆ. “ಮನುಷ್ಯರು ನಿಂತವ್ರೆ! ನೀವೇ ಹೇಳಿದ್ದು, ಈಗ್ಲೇ ಎಣಿಸಿ!” ಯಾರ ದನಿಯೂ ಅಲ್ಲ, ಆ ಕಂಪೌಂಡರನ ದನಿಯೇ. ಒಡೆದು ಕೀರಲಾಗಿತ್ತು, ಆದರೂ ಬಾವಿಕಟ್ಟೆಯವರೆಗೆ ಕೇಳಿಸಿತಂತೆ.

“ಅವ್ರು ನಿಂತಿರೋದು ಹಾಲಿಗೆ ಸಾರ್, ಅವಳಿಗಲ್ಲ!” ಎಂದು ಆ ಕಡೆಯವರು ಕೂಗಿದರು. ವೀಕ್ಷಕರು ಕಾಫಿ ಲೋಟ ಕೆಳಗಿಟ್ಟು, ಸಾಲಿನ ಹತ್ತಿರ ಬಂದು, ಅಮ್ಮನನ್ನು ಕೇಳಿದರು: “ಏನಮ್ಮ, ನೀವು ಹಾಲಿಗೆ ನಿಂತಿದೀರೋ, ಓಟಿಗೆ ನಿಂತಿದೀರೋ?”

“ಎಲ್ಡಕ್ಕೂ” ಎಂದಳು ಅಮ್ಮ.

ಅಲ್ಲಿಂದ ವೀಕ್ಷಕರು ಒಬ್ಬೊಬ್ಬರನ್ನೂ ಕೇಳುತ್ತಾ ಹೋದರು. ಅವರು ಕೇಳುವ ಮೊದಲೇ ಉತ್ತರ ಬರತೊಡಗಿತು: ಎಲ್ಡಕ್ಕೂ, ಎರಡಕ್ಕೂ ಸಾರ್, ಎಲ್ಡಕ್ಕೂ ಕಣ್ ಸ್ವಾಮಿ. ಒಬ್ಬಾತ ಮಾತ್ರ ಯಜಮಾನರ ಕಡೆ ನೋಡಿ, “ಬರೀ ಹಾಲಿಗೆ” ಎಂದು ಕ್ಯಾನು ಎತ್ತಿಕೊಂಡು ಪಕ್ಕಕ್ಕೆ ಸರಿದ. ಅವನ ಹೆಂಡತಿ ಅದನ್ನು ಕಿತ್ತುಕೊಂಡು ಅದೇ ಜಾಗದಲ್ಲಿ ಇಟ್ಟು ತಾನು ನಿಂತಳು. ಅವಳೂ ಸದಸ್ಯೆಯೇ. ಯಜಮಾನರ ಸಾಲಿನಿಂದಲೂ ಕೆಲವರು, ತಮ್ಮ ಮನೆಯ ಚೊಂಬು ಆ ಕಡೆ ಇರುವುದನ್ನು ಈಗ ತಾನೇ ಕಂಡವರಂತೆ, ತಲೆ ಕೆರೆದುಕೊಳ್ಳುತ್ತಾ ಬಂದು ಸೇರಿಕೊಂಡರು.

ನಮ್ಮ ಸಾಲು ಉದ್ದವಿತ್ತು. ತುಂಬಾ ಏನಲ್ಲ. ಯಜಮಾನರ ಕಡೆಯವರ ಒತ್ತಾಯಕ್ಕೆ ಬಾಲದಿಂದ ತಲೆಗೆ ಮತ್ತೊಮ್ಮೆ ಎಣಿಸಿದಾಗಲೂ ಅಷ್ಟೇ ಉದ್ದವಿತ್ತು. ಟಿಕೆಟ್ ಇವರಿಗೆ ಎಂದು ವೀಕ್ಷಕರು ಅಕ್ಕನ ಕಡೆ ಕೈ ತೋರಿಸಿದರು. ಅಕ್ಕ ಅಲ್ಲಿರಲಿಲ್ಲ. ಬೀಗ ತೆಗೆಯಲು ಆಗಲೇ ಹೊರಟುಹೋಗಿದ್ದಳು.

ಯಜಮಾನರು ಎದ್ದು ಶಾಲು ಸರಿಮಾಡಿಕೊಂಡು, “ಆಂ… ಅದೇನಪ್ಪಾ ಅಂದ್ರೆ…” ಎಂದು ನಿಂತರು. ಗೆಳೆಯ ನನ್ನ ಮುಖವನ್ನೇ ನೋಡುತ್ತಿದ್ದ. ಆ ವಾಕ್ಯವನ್ನು ಅವರಿಗಿಂತ ಚೆನ್ನಾಗಿ ಮುಗಿಸುವುದು ನನಗೆ ಬರುತ್ತಿತ್ತು. ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡು ನಮ್ಮ ಚೊಂಬು ಎತ್ತಿಕೊಂಡೆ.

ಡೈರಿಯ ಮುಂದೆ ಲಾರಿ ಹಾರ್ನು ಹೊಡೆಯುತ್ತಿತ್ತು. ಅಕ್ಕ ಅಮ್ಮನ ಹಾಲಿಗೆ ಲ್ಯಾಕ್ಟೋಮೀಟರು ಬಿಟ್ಟಳು. ಅದು ಒಮ್ಮೆ ಅದುರಿ ತೇಲಿ ನಿಂತಿತು.

“ಸರಿ ಇದೆ. ಮುಂದೆ!”

ಅಮ್ಮ ಜಾಗ ಬಿಡಲಿಲ್ಲ. “ಇನ್ನೊಂದ್ ಕಿತ ಬುಡು.”

“ಸರಿ ಇದೆ ಅಂದ್ನಲ್ಲಮ್ಮ.”

“ಬುಡು ಅಂದ್ರೆ ಬುಡು. ಓಟಿಗೆ ನಿಂತಿದ್ದಕ್ಕೆ ಬುಟ್ಟವ್ಳೆ ಅಂತ ನಾಳೆ ಯಾರೂ ಅನ್ಬಾರ್ದು.”

ಅಕ್ಕ ವಾದ ಮಾಡಲಿಲ್ಲ. ಹಾಲನ್ನು ಕಲಕಿ, ಗಾಜಿನ ಕಡ್ಡಿಯನ್ನು ಒರೆಸಿ, ಮತ್ತೆ ಬಿಟ್ಟಳು. ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು. ಮತ್ತೆ ತೇಲಿತು. ಅಮ್ಮ ಒಂದು ಸುತ್ತು ಎಲ್ಲರ ಮುಖ ನೋಡಿ, ಗೌರಿಹಬ್ಬದ ಲೆಕ್ಕವನ್ನು ಅಲ್ಲಿಗೇ ಮುಗಿಸಿ, ಖಾಲಿ ಚೊಂಬು ಕಂಕುಳಿಗೆ ಇಟ್ಟುಕೊಂಡಳು.

ಅವಳ ಹಿಂದೆ ಇದ್ದವರು ಮೈದಾನದಲ್ಲಿ ‘ಎಲ್ಡಕ್ಕೂ’ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದ ಹಿರಿಯರು. ಅವರ ಹಾಲಿನಲ್ಲಿ ಮೀಟರು ಮುಳುಗಿತು.

“ವಾಪಸ್.”

“ಏನವ್ವಾ ಇದು! ನಿಂಗೆ ಟಿಕೆಟ್ ಕೊಡ್ಸಿ ಇನ್ನೂ ಬೆವರು ಆರಿಲ್ಲ!”

“ವಾಪಸ್” ಎಂದಳು ಅಕ್ಕ, ಅದೇ ದನಿಯಲ್ಲಿ. ಹಿರಿಯರು ಗೊಣಗುತ್ತಾ ಕ್ಯಾನು ಎತ್ತಿಕೊಂಡರು. ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಕಂಡು, ಇದಕ್ಕೆಲ್ಲ ನೀನೇ ಕಾರಣ ಎಂಬಂತೆ ದುರುಗುಟ್ಟಿದರು.

“ಇಂಥೋಳ್ನ ಗೆಲ್ಸಿದ್ರೆ ಮುಂದೆ ಗತಿ ಏನೋ?”

“ಗೊತ್ತಿಲ್ಲ ಗೌಡ್ರೇ” ಎಂದೆ, ನನ್ನ ದನಿಯಲ್ಲೇ. “ಎಲೆಕ್ಷನ್ನಿಗೆ ಓಟು ಕೇಳೋಕೂ ನಾಳೆ ನಿಮ್ಮನೆಗೇ ಮೊದಲು ಬರ್ತೀವಿ. ಬಾಗ್ಲು ಹಾಕ್ಕೊಂಡ್ರೂ ಬಿಡಲ್ಲ ಅವಳು, ಗೊತ್ತಲ್ಲ?”